ಊದಿನ ಎಣ್ಣೆ

ಕಳೆದ ತಿಂಗಳು ಭದ್ರಾವತಿಯ ತವರಿಗೆ ಹೊರಟು ಬಸ್ಸಿನಲ್ಲಿ ಕೂತಿದ್ದೆ. ಬಸ್ಸು ಇನ್ನೇನು ಹೊರಡಬೇಕು, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟ ಯುವಕನೊಬ್ಬ ಓಡಿಬಂದು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತ. ಅವನ ಬೆನ್ನಿಗೇ ಒಂದು ವಾಸನೆಯೂ ಹತ್ತಿತು. ಬೆವೆತ ದನದ ಮೈ, ಹುಳಿ ಬಂದ ಹಿಂಡಿ, ಒದ್ದೆ ಹುಲ್ಲು ಎಲ್ಲ ಕಲಸಿದಂಥ ವಾಸನೆ. ನನ್ನ ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಂಡಕ್ಟರ್ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದ.

"ಯಾರ್ರೀ ಅದು, ಹೋತ ಗೀತ ಹತ್ತಿಸಿದ್ದೀರಾ? ಅದಕ್ಕೂ ಟಿಕೆಟ್ ತಗೋಬೇಕು ನೋಡಿ!"

ಬಸ್ಸು ನಕ್ಕಿತು. ಮುಂದೆ ಕೂತವನ ಕಿವಿ ಕೆಂಪಾದವು. ಅವನು ಮೆಲ್ಲಗೆ ಬಲಗೈಯನ್ನು ಜೇಬಿಗೆ ಇಳಿಸಿದ. ನಾನು ಮುಂದೆ ಬಾಗಿ ಕೇಳಿದೆ, "ತಮ್ಮಾ, ಊದ್ ಅತ್ತರ್ ಅಲ್ವಾ? ಅಸ್ಸಾಮಿನದ್ದಾ?"

ಅವನು ತಿರುಗಿ ನೋಡಿದ. ಹಣೆಯಲ್ಲಿ ವಿಭೂತಿ ಇದ್ದ ಹೆಂಗಸಿನಿಂದ ಆ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. "ಹೌದು ಆಂಟಿ. ನಿಮಗೆ ಹೆಂಗೆ ಗೊತ್ತಾಯ್ತು?"

"ಗೊತ್ತು. ನೀನೇನೂ ನಾಚ್ಕೋಬೇಡ. ಮಾಚೇನಹಳ್ಳಿ ದಾಟ್ಲಿ, ಇವರೇ ಮೂಗು ಅರಳಿಸ್ತಾರೆ."

ಹಾಗೇ ಆಯಿತು. ಭದ್ರಾವತಿ ಕಾರ್ಖಾನೆಯ ಹೊಗೆ ಕೊಳವೆಗಳು ದೂರದಲ್ಲಿ ಕಾಣಿಸುವ ಹೊತ್ತಿಗೆ ಆ ವಾಸನೆ ಹದಕ್ಕೆ ಬಂದಿತ್ತು. ಪಕ್ಕದವರು ಸೆರಗು ಕೆಳಗಿಳಿಸಿ, "ಯಾರೋ ಒಳ್ಳೆ ಧೂಪ ಹಾಕಿದಾರೆ ಅಲ್ವಾ?" ಎಂದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಕ್ಕೆ. ನನಗೆ ಅತ್ತೆಯವರ ಮೊಣಕಾಲು ನೆನಪಾಗಿತ್ತು.

ನಾನು ಓದಿದ್ದು ಭದ್ರಾವತಿಯ ಕಾನ್ವೆಂಟಿನಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿಗೆ ನಾವು ಎಲ್ಲದಕ್ಕೂ 'ಸ್ಮೆಲ್' ಎನ್ನುವುದು ಆಗುತ್ತಿರಲಿಲ್ಲ. ಹೂವಿಗೆ ಒಂದು ಪದ, ಚರಂಡಿಗೆ ಇನ್ನೊಂದು ಪದ, ಎರಡನ್ನೂ ಬೆರೆಸಬಾರದು ಎಂದು ತಿದ್ದುತ್ತಿದ್ದರು. ಮನೆಯಲ್ಲಿ ಅಮ್ಮ ಮಲ್ಲಿಗೆಗೂ ವಾಸನೆ ಎನ್ನುತ್ತಿದ್ದಳು, ಹಳಸಿದ ಸಾರಿಗೂ ವಾಸನೆ ಎನ್ನುತ್ತಿದ್ದಳು. ಅಮ್ಮನ ಕನ್ನಡ ಒರಟು ಎಂದು ಆಗ ನನಗೆ ಅನಿಸಿತ್ತು. ಎರಡೂ ಒಂದೇ ಡಬ್ಬಿಯಲ್ಲಿ ಇರಬಹುದು ಎಂದು ತಿಳಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು.

ಆ ಬೇಸಿಗೆಯ ವರ್ಷ, ಶಿವರಾತ್ರಿಗೆ ಮುಂಚೆ ಅತ್ತೆ ಹೊಳೆಹೊನ್ನೂರಿನಲ್ಲಿ ಬಿದ್ದರು. ಅವರು ಇದ್ದದ್ದು ಮೈದುನನ ಮನೆಯಲ್ಲಿ. ಕೊಟ್ಟಿಗೆಯಿಂದ ಹಾಲಿನ ಪಾತ್ರೆ ಹಿಡಿದು ಬರುವಾಗ ಕಾಲು ಜಾರಿ, ಪಾತ್ರೆ ಉಳಿಸಿಕೊಳ್ಳಲು ಹೋಗಿ ಮೊಣಕಾಲೂರಿದರು. ಹಾಲು ಚೆಲ್ಲಲಿಲ್ಲವಂತೆ. ಮಂಡಿಚಿಪ್ಪು ಬಿರುಕು ಬಿಟ್ಟಿತು. ಆಸ್ಪತ್ರೆಗೆ ಹತ್ತಿರವೆಂದು ವಿದ್ಯಾನಗರದ ನಮ್ಮ ಮನೆಗೆ ಕರೆತಂದೆವು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಬೇಸಿಗೆ ಕಾದಿತ್ತು. ಒಳಗಿನಿಂದ ಹೊರಬಂದದ್ದು ಅತ್ತೆಯವರ ಕಾಲಿನ ಹಾಗಿರಲಿಲ್ಲ. ಸಣಕಲು ಕೋಲು, ಅದರ ನಡುವೆ ಊದಿಕೊಂಡ ಮಂಡಿ.

ಡಾಕ್ಟರು ಸ್ಪಷ್ಟವಾಗಿ ಹೇಳಿದರು. "ಮೂಳೆ ಕೂಡಿದೆ. ಇನ್ನು ದಿನಾ ಬಗ್ಗಿಸಬೇಕು, ನಡೀಬೇಕು. ಮಳೆಗಾಲದ ಹೊತ್ತಿಗೆ ಬಗ್ಗಲಿಲ್ಲ ಅಂದ್ರೆ ಹಾಗೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ನಾವು ಏನು ಮಾಡಿದ್ರೂ ಕಷ್ಟ."

ಅಂಗವ್ಯಾಯಾಮ ಮಾಡಿಸಲು ಕಾವ್ಯ ಎಂಬ ಹುಡುಗಿ ದಿನ ಬಿಟ್ಟು ದಿನ ಬರುತ್ತಿದ್ದಳು. ಅವಳು ಕಾಲು ಹಿಡಿದ ಕೂಡಲೇ ಅತ್ತೆ ಕಿರುಚುತ್ತಿದ್ದರು. "ಒಂದ್ಸಲ ಮುರಿದಿದ್ದು ಸಾಲ್ದು ಅಂತ ಇವಳು ಇನ್ನೊಂದ್ಸಲ ಮುರಿಯೋಕೆ ಬಂದಿದಾಳೆ. ಹೋಗೇ, ನಿಮ್ಮಪ್ಪನ ಕಾಲು ಬಗ್ಸು!" ಕಾವ್ಯ ಒಳ್ಳೆಯವಳು, ನಗುತ್ತಲೇ ಹೋಗುತ್ತಿದ್ದಳು. ಆದರೆ ಅವಳು ಹೋದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಎಷ್ಟೋ ವರ್ಷ ಬೆಳಗಿನ ಜಾವ ಎದ್ದು ದನಗಳ ಹತ್ತಿರ ಮಾತಾಡಿದ ಜೀವ ಅದು. ನಮ್ಮ ಮನೆಯಲ್ಲಿ ಮಾತಾಡಿಸಲು ಫ್ಯಾನು ಮಾತ್ರ ಇತ್ತು. ಲಿಂಗಪೂಜೆಗೆ ಕಾಲು ಮಡಚಿ ಕೂರಲಾಗದೆ, ಹಾಸಿಗೆಯ ಮೇಲೆ ಕಾಲು ಚಾಚಿಕೊಂಡೇ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವಾಗ ಅವರ ಕಣ್ಣಲ್ಲಿ ನೀರು ತುಂಬುತ್ತಿತ್ತು. ನಾನು ಬಿಲ್ವಪತ್ರೆಯ ತಟ್ಟೆ ಇಟ್ಟು, ನೋಡದವಳ ಹಾಗೆ ಹೊರಗೆ ಬರುತ್ತಿದ್ದೆ. ಇವರು, ಅಂದರೆ ನಮ್ಮ ಯಜಮಾನರು, ಊಟದ ಹೊತ್ತಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇವತ್ತಾದ್ರೂ ಎದ್ರಾ?" ನಾನು ತಲೆಯಾಡಿಸುತ್ತಿದ್ದೆ.

ನಮ್ಮ ಮನೆಯ ಮಹಡಿಯ ಮೇಲೆ ನಫೀಸಾ ಬಾಡಿಗೆಗೆ ಇದ್ದಳು. ಅವಳ ಗಂಡನಿಗೆ ಸವಳಂಗ ರಸ್ತೆಯಲ್ಲಿ ಬೈಕ್ ಬಿಡಿಭಾಗಗಳ ಅಂಗಡಿ. ತವರು ಭದ್ರಾವತಿ. ಅದಕ್ಕೇ ನಮ್ಮಿಬ್ಬರಿಗೂ ಬೇಗ ಬಳಕೆಯಾಯಿತು. ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡು ಬೆಳೆದವರು ನಾವಿಬ್ಬರೂ. ಬೇಸಿಗೆಯಲ್ಲಿ ಅವಳ ಮನೆಯ ಮಾಳಿಗೆ ಕಾವಲಿಯಂತೆ ಕಾಯುತ್ತಿತ್ತು. ಒಂದು ದಿನ ಅವಳು ಹತ್ತಿಯಲ್ಲಿ ಸುತ್ತಿದ ಪುಟ್ಟ ಗಾಜಿನ ಸೀಸೆಯನ್ನು ತಂದು ನನ್ನ ಕೈಯಲ್ಲಿಟ್ಟಳು.

"ಆಂಟಿ, ಇದು ನಿಮ್ಮ ಕೆಳಗಿನ ರೂಮಲ್ಲಿ ತಂಪಾಗಿರ್ಲಿ. ಬಿಸಿಲು ತಾಗಬಾರದಂತೆ. ನಮ್ ಅಬ್ಬಾ ಕೊಟ್ಟಿದ್ದು, ಶಬಾನಾ ಮದುವೆಗೆ."

ಅವಳ ತಂದೆ ಜಬ್ಬಾರ್ ಸಾಹೇಬರು ಲಾರಿ ಓಡಿಸುತ್ತಿದ್ದವರು. ಭದ್ರಾವತಿಯಿಂದ ಅಸ್ಸಾಮಿನವರೆಗೂ ಲೋಡು ಒಯ್ದವರು. ಅಲ್ಲಿ ಅಗರಿನ ಮರದಿಂದ ಎಣ್ಣೆ ಇಳಿಸುವ ಒಬ್ಬರ ಮಗನನ್ನು ದಾರಿಯಲ್ಲಿ ಅಪಘಾತವಾದಾಗ ಆಸ್ಪತ್ರೆಗೆ ಸೇರಿಸಿದ್ದರಂತೆ. ಆ ತಂದೆ ಪ್ರೀತಿಯಿಂದ ಕೊಟ್ಟ ಊದ್ ಅತ್ತರಿನ ಸೀಸೆ ಇದು. ಮನೆಯ ಮದುವೆಗಳಲ್ಲಿ ಬಂದವರ ಮುಂಗೈಗೆ ಇದನ್ನು ಒಂದೊಂದು ಗೀರು ಸವರುವುದು ಅವರ ಹೆಮ್ಮೆ. ನಫೀಸಾಳ ಮದುವೆಯಲ್ಲಿ ಅರ್ಧ ಖರ್ಚಾಗಿತ್ತು. ಉಳಿದರ್ಧ ಅವಳ ತಂಗಿ ಶಬಾನಾಳದ್ದು. ಮದುವೆ ರಂಜಾನ್ ಮುಗಿದ ಮೇಲೆ. ಲಾರಿಯ ಪೆಟ್ಟಿಗೆಯಲ್ಲಿ ಲವಂಗದ ಎಣ್ಣೆ, ನೀಲಗಿರಿ ಎಣ್ಣೆ ಎಲ್ಲ ಜೊತೆಗಿರುತ್ತಿದ್ದುದರಿಂದ ಸಾಹೇಬರು ಇದರ ಮೇಲೊಂದು ಚೀಟಿ ಅಂಟಿಸಿ, ಕನ್ನಡ ಶಾಲೆಯ ದುಂಡು ಅಕ್ಷರದಲ್ಲಿ 'ಊದಿನ ಎಣ್ಣೆ' ಎಂದು ಬರೆದಿದ್ದರು. ನಾನು ಅದನ್ನು ಅತ್ತೆಯವರ ಕೋಣೆಯ ಗೋಡೆಗೂಡಿನಲ್ಲಿ ವಿಭೂತಿ ಗಟ್ಟಿಗಳ ಹಿಂದೆ ಇಟ್ಟೆ. ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಬೇರೆ ಇರಲಿಲ್ಲ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಹಿತ್ತಲಲ್ಲಿ ಸಂಡಿಗೆ ಮಗುಚಿ ಹಾಕುತ್ತಿದ್ದೆ. ಗೇಟಿನ ಒಳಗೆ ಯಾರದೋ ದನ ನುಗ್ಗಿದೆ ಅನಿಸಿತು. ಅಷ್ಟು ಗಾಢವಾದ ಕೊಟ್ಟಿಗೆಯ ವಾಸನೆ. ಹೋಗಿ ನೋಡಿದರೆ ಗೇಟು ಮುಚ್ಚಿದೆ. ವಾಸನೆ ಬರುತ್ತಿದ್ದದ್ದು ಮನೆಯೊಳಗಿನಿಂದ. ಅದರ ಜಾಡು ಹಿಡಿದು ಅತ್ತೆಯವರ ಕೋಣೆಗೆ ಹೋದೆ. ಅತ್ತೆ ಗೋಡೆಗೂಡಿನ ಕೆಳಗಿನ ಕುರ್ಚಿಯಲ್ಲಿ ಕೂತು, ಸೀರೆ ಮೇಲೆತ್ತಿ, ಎರಡೂ ಕೈಯಿಂದ ಮಂಡಿಯನ್ನು ಗಸಗಸ ತಿಕ್ಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಮುಚ್ಚಳ ತೆಗೆದ ಸೀಸೆ.

"ಬಾರೇ ಸುಧಾ," ಎಂದರು. ಎಷ್ಟೋ ದಿನಗಳ ಮೇಲೆ ಅವರ ದನಿಯಲ್ಲಿ ಜೀವವಿತ್ತು. "ಊತಕ್ಕೆ ಇಷ್ಟು ಒಳ್ಳೆ ಎಣ್ಣೆ ತರಿಸಿಟ್ಟಿದೀಯ, ಒಂದು ಮಾತು ಹೇಳ್ಬಾರ್ದೇನೇ? ವಿಭೂತಿ ತಗೊಳೋಕೆ ಹೋದ್ರೆ ಸಿಕ್ತು. ಊದಿನ ಎಣ್ಣೆ ಅಂತ ಬರ್ದೇ ಇದೆ."

ಚೀಟಿಯನ್ನು ನೋಡಿದೆ. ಕಾಲು ಊದಿದರೆ ಊದಿನ ಎಣ್ಣೆ. ಕನ್ನಡ ಬಲ್ಲ ಯಾರಾದರೂ ಹಾಗೇ ಓದಿಕೊಳ್ಳುತ್ತಿದ್ದರು. ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ಇದ್ದದ್ದರಲ್ಲಿ ಬಹುಪಾಲು ಮಂಡಿಗೆ ಹೋಗಿತ್ತು. ಅಯ್ಯೋ ಶಿವನೇ ಎಂದುಕೊಳ್ಳುತ್ತಿರುವಾಗ ಇನ್ನೊಂದು ವಿಷಯ ಹೊಳೆಯಿತು. ಹಾಸಿಗೆ ಇದ್ದದ್ದು ಕೋಣೆಯ ಆ ತುದಿಯಲ್ಲಿ. ಗೋಡೆಗೂಡು ಈ ತುದಿಯಲ್ಲಿ.

"ಅತ್ತೆ, ಇಲ್ಲಿಗೆ ಹೇಗೆ ಬಂದ್ರಿ?"

"ಹಾರ್ಕೊಂಡು ಬಂದೆ! ಗೋಡೆ ಹಿಡ್ಕೊಂಡು ಬಂದೆ, ಇನ್ಹೇಗೆ ಬರ್ತಾರೆ? ಮೂಗು ಮುಚ್ಕೋಬೇಡ. ಕರು ಹಾಕಿದ ದಿನ ಕೊಟ್ಟಿಗೆ ಹಿಂಗೇ ವಾಸನೆ ಬರೋದು."

ಸೀಸೆಯನ್ನು ಸೆರಗಲ್ಲಿ ಮುಚ್ಚಿಕೊಂಡು ಮಹಡಿ ಹತ್ತಿದೆ. ನಫೀಸಾಳಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅವಳು ಸೀಸೆಯನ್ನು ಕೈಗೆ ತೆಗೆದುಕೊಂಡು ಅಲುಗಿಸದೆ ನೋಡಿದಳು. ಮುಖ ಬಿಳಿಚಿತು. ಆಮೇಲೆ ಚೀಟಿಯನ್ನು ಓದಿದಳು. ಅವಳ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು.

"ಯಾ ಅಲ್ಲಾ! ಊದಿದ್ದಕ್ಕೆ ಊದಿನ ಎಣ್ಣೆ! ನಮ್ ಅಬ್ಬಾ ಕನ್ನಡದಲ್ಲಿ ಬರೆದಿದ್ದೇ ತಪ್ಪಾಯ್ತು ನೋಡಿ ಆಂಟಿ." ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಮೆತ್ತಗೆ ಕೇಳಿದಳು. "ಅಜ್ಜಿ ಎದ್ದು ನಡೆದ್ರಾ? ಅವರೇ?"

"ಹೂಂ. ಅವರೇ."

"ಹಂಗಾದ್ರೆ ಅವರಿಗೆ ಏನೂ ಹೇಳ್ಬೇಡಿ. ಔಷಧಿ ಅಲ್ಲ ಅಂದ್ರೆ ನಾಳೆಯಿಂದ ಏಳಲ್ಲ ಅವರು. ನಾನೇ ಬಂದು ಹಚ್ತೀನಿ. ಕೊಬ್ಬರಿ ಎಣ್ಣೆಗೆ ಒಂದು ತೊಟ್ಟು ಹಾಕಿದ್ರೂ ವಾಸನೆ ಬರುತ್ತೆ."

"ಶಬಾನಾ ಮದುವೆ?"

"ಮದುವೆಗೆ ಇನ್ನೂ ದಿನ ಇದೆ. ಅಜ್ಜಿ ಕಾಲಿಗೆ ದಿನ ಇಲ್ವಲ್ಲ," ಎಂದಳು.

ಇವತ್ತಿಗೂ ಆ ಮಾತು ನೆನಪಾದಾಗ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ. ನಮ್ಮ ಮನೆಗೆ ಬಾಡಿಗೆಗೆ ಬಂದವಳಿಗೆ ನಮ್ಮತ್ತೆಯ ಕಾಲಿನ ಲೆಕ್ಕ ಯಾಕೆ ಬೇಕಿತ್ತು?

ರಂಜಾನ್ ಶುರುವಾಯಿತು. ನಫೀಸಾ ಉಪವಾಸದಲ್ಲೇ ದಿನಾ ಬೆಳಿಗ್ಗೆ ಕೆಳಗಿಳಿದು ಬರುತ್ತಿದ್ದಳು. ಬಟ್ಟಲಿನ ಎಣ್ಣೆಯನ್ನು ಅಂಗೈಯಲ್ಲಿ ಬಿಸಿಮಾಡಿ ಮಂಡಿಗೆ ಸವರುವಳು. ಮೊದಲ ದಿನ ಅತ್ತೆ ಕೊಂಚ ಹಿಂಜರಿದರು. ಪೂಜೆ ಮುಗಿಯುವವರೆಗೆ ಹೊರಗಿನವರನ್ನು ಮುಟ್ಟುವ ರೂಢಿ ಅವರಿಗಿರಲಿಲ್ಲ. ಎರಡನೆಯ ದಿನ ಪೂಜೆಯನ್ನೇ ಬೇಗ ಮುಗಿಸಿ ಕಾದು ಕೂತಿದ್ದರು. ವಾರದೊಳಗೆ ಅಡುಗೆಮನೆಯಲ್ಲಿದ್ದ ನನ್ನನ್ನು ಗದರಿಸಿದರು. "ಲೇ, ಒಗ್ಗರಣೆ ಆಮೇಲೆ ಹಾಕೇ. ಈ ಹುಡುಗಿ ನೀರೂ ಕುಡಿದಿಲ್ಲ, ಅವಳ ಮುಂದೆ ಘಮಘಮ ಅನ್ನಿಸ್ತೀಯ."

ಆ ಎಣ್ಣೆಯ ಸ್ವಭಾವ ನನಗೆ ಗೊತ್ತಾದದ್ದು ಆ ದಿನಗಳಲ್ಲಿ. ಹಚ್ಚಿದ ಕೂಡಲೇ ಕೊಟ್ಟಿಗೆ. ನಫೀಸಾ ನಾಚಿಕೊಂಡು, "ಸ್ವಲ್ಪ ಹೊತ್ತು ತಡೀರಿ ಅಜ್ಜಿ," ಎನ್ನುವಳು. ಅತ್ತೆ, "ಯಾಕೆ ತಡೀಬೇಕು? ಇದೇ ಚೆನ್ನಾಗಿದೆ," ಎಂದು ಮೂಗು ಹತ್ತಿರ ತರುವರು. ಆಮೇಲೆ ಅದು ನಿಧಾನಕ್ಕೆ ಒಣಗಿ, ಎತ್ತಿನ ಕೊರಳಪಟ್ಟಿಯ ಹದವಾದ ಚರ್ಮದ ವಾಸನೆಯಾಗುತ್ತಿತ್ತು. ಅದರ ಹಿಂದೆಯೇ ಒಂದೆಳೆ ಹೊಗೆ, ನೀರೊಲೆಯಲ್ಲಿ ಹಸಿ ಸೌದೆ ಹೊತ್ತಿಕೊಳ್ಳುವಾಗಿನಂಥದು. ಮಧ್ಯಾಹ್ನ ಊಟದ ಹೊತ್ತಿಗೆ ಆಲೆಮನೆ. ಕೊಪ್ಪರಿಗೆಯಲ್ಲಿ ಬೆಲ್ಲ ಇನ್ನೂ ಗಟ್ಟಿಯಾಗುವ ಮುಂಚಿನ ಕಂದು ಸಿಹಿ. ಬಿಸಿಲಿಳಿದಾಗ ಅದೂ ತೆಳುವಾಗಿ, ಹಳೆಯ ಮರದ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಜೊತೆ ಒಣದ್ರಾಕ್ಷಿ ಇಟ್ಟು ಮರೆತ ಹಾಗೆ. ಮರುದಿನ ಮಂಡಿಗೆ ಸುತ್ತಿದ ಬಟ್ಟೆಯನ್ನು ಒಗೆಯಲು ತೆಗೆದುಕೊಂಡರೆ ಅದರಲ್ಲಿ ಉಳಿದಿರುತ್ತಿದ್ದದ್ದು ಇಷ್ಟೇ ಇಷ್ಟು. ಅದಕ್ಕೆ ಸಿಸ್ಟರ್ ಕಲಿಸಿದ ಯಾವ ಪದವೂ ಹೊಂದುತ್ತಿರಲಿಲ್ಲ. ಸ್ನಾನ ಮಾಡಿಸಿ ಮಲಗಿಸಿದ ಮಗುವಿನ ನೆತ್ತಿಯ ಹಾಗೆ ಎನ್ನಬಹುದು.

"ಬೆಳಿಗ್ಗೆ ಕೊಟ್ಟಿಗೆ, ಸಂಜೆ ದೇವರಮನೆ," ಎಂದರು ಅತ್ತೆ. ಅವರು ಆ ಬದಲಾವಣೆಯನ್ನೇ ತಮ್ಮ ಗಡಿಯಾರ ಮಾಡಿಕೊಂಡುಬಿಟ್ಟರು. ಕಾವ್ಯ ಗೋಡೆಗೆ ಅಂಟಿಸಿದ್ದ ವ್ಯಾಯಾಮದ ಹಾಳೆಯನ್ನು ಅವರು ಒಂದು ದಿನವೂ ನೋಡಿದವರಲ್ಲ. ಈಗ ಕೊಟ್ಟಿಗೆ ವಾಸನೆ ಇರುವಷ್ಟು ಹೊತ್ತು ಹಲ್ಲು ಕಚ್ಚಿ ಮಂಡಿ ಬಗ್ಗಿಸುವುದು. ಕೊರಳಪಟ್ಟಿ ಬಂದಾಗ ಎದ್ದು ವಾಕರ್ ಹಿಡಿದು ನಡುಮನೆಗೆ ಬರುವುದು. ಬೆಲ್ಲ ಬಂದಾಗ ಊಟ ಮಾಡಿ ಮಲಗುವುದು. "ಎಣ್ಣೆ ಒಳಗಿಳೀತಾ ಇದೆ ಕಣೇ, ಅದಕ್ಕೇ ವಾಸನೆ ಬದಲಾಗ್ತಿದೆ," ಎಂದು ನನಗೇ ವಿವರಿಸುತ್ತಿದ್ದರು. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸುತ್ತಿರಲಿಲ್ಲ. "ಇನ್ನೂ ಕೊಟ್ಟಿಗೆ ಇದೆ, ಇನ್ನೊಂದ್ಸಲ ಬಗ್ಸೇ ನಫೀಸಾ," ಎನ್ನುತ್ತಿದ್ದರು.

ಕಾವ್ಯಳನ್ನು ನಾನು ಗೇಟಿನ ಹತ್ತಿರ ತಡೆದು ನಿಜ ಹೇಳಿದೆ. ಅವಳು ಚಪ್ಪಲಿ ಮೆಟ್ಟುತ್ತಾ ನಕ್ಕಳು. "ಎಣ್ಣೆಯಿಂದ ಏನೂ ಆಗಲ್ಲ ಆಂಟಿ, ಬಗ್ಗಿಸೋದ್ರಿಂದ ಆಗ್ತಿದೆ. ಆದ್ರೆ ನನ್ನಾಣೆ, ಅದನ್ನ ಅವರಿಗೆ ಹೇಳ್ಬೇಡಿ."

ಸೀಸೆ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ನಫೀಸಾ ಏನೂ ಅನ್ನುತ್ತಿರಲಿಲ್ಲ. ನನಗೆ ತಡೆಯಲಾಗದೆ ಒಂದು ಸಂಜೆ ಪೇಟೆಯ ಅತ್ತರಿನ ಅಂಗಡಿಗೆ ಹೋಗಿ, ಊದ್ ಎಂದು ಬರೆದಿದ್ದ ಚಿನ್ನದ ಮುಚ್ಚಳದ ಬಾಟಲಿ ತಂದೆ. ಮರುದಿನ ಬೆಳಿಗ್ಗೆ ನಫೀಸಾಳಿಗೆ, "ಇವತ್ತು ಇದನ್ನು ಹಾಕೋಣ, ನಿನ್ನದು ಉಳೀಲಿ," ಎಂದೆ. ಅವಳು ಮೂಸಿ ನೋಡಿ ಸುಮ್ಮನೆ ಹಚ್ಚಿದಳು. ಬಹಳ ಚೆಂದದ ಪರಿಮಳ. ಹಚ್ಚಿದ ಕೂಡಲೇ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತ ಹಾಗೆ. ಅತ್ತೆ ಕಾದರು. ಬಗ್ಗಿಸಿದರು, ಮೂಸಿದರು, ಬಗ್ಗಿಸಿದರು, ಮೂಸಿದರು. ಕಲ್ಯಾಣ ಮಂಟಪ ಅಲ್ಲೇ ನಿಂತಿತ್ತು. ಊಟದ ಹೊತ್ತಾಯಿತು.

"ಸುಧಾ! ಇದೇನೇ ಇದು? ಬೆಳಿಗ್ಗೆಯಿಂದ ಒಂದೇ ರಾಗ! ಕೊಟ್ಟಿಗೆನೂ ಬರಲಿಲ್ಲ, ಬೆಲ್ಲನೂ ಬರಲಿಲ್ಲ. ನಾನು ಯಾವಾಗ ಏಳಲಿ, ಯಾವಾಗ ಉಣ್ಲಿ?"

"ಹಳೇದಾಗಿರ್ಬೇಕು ಅತ್ತೆ," ಎಂದೆ.

"ಹಳೇದಲ್ಲ, ಇದು ಸುಳ್ಳು ಎಣ್ಣೆ. ವಾಪಸ್ ಕೊಡು."

ನಫೀಸಾ ಬಾಗಿಲ ಹಿಂದೆ ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಮರುದಿನ ಸೀಸೆ ಮತ್ತೆ ಕೆಳಗೆ ಬಂತು.

ಈದ್ ಮುಗಿದ ಮೇಲೆ, ಅತ್ತೆ ವಾಕರ್ ಇಲ್ಲದೆ ಕೋಲು ಹಿಡಿದು ನಡುಮನೆಗೆ ಬರುವಷ್ಟಾದಾಗ, ಜಬ್ಬಾರ್ ಸಾಹೇಬರು ಮದುವೆಗೆ ಕರೆಯಲು ಬಂದರು. ಎತ್ತರದ ಆಳು, ಮೆಹಂದಿ ಹಚ್ಚಿದ ಗಡ್ಡ. ಸೋಫಾದ ತುದಿಯಲ್ಲಿ ಕೂತು ಇವರ ಕೈಗೆ ಕಾರ್ಡು ಕೊಟ್ಟರು. ನಫೀಸಾ ಪಾನಕದ ಲೋಟ ಹಿಡಿದು ನಿಂತಿದ್ದಳು. ಆಗ ಕೋಲು ಕುಟ್ಟುತ್ತ ಅತ್ತೆ ಹೊರಗೆ ಬಂದರು. ಸಾಹೇಬರು ಎದ್ದು ನಿಂತವರು ಮಾತಾಡಲು ಬಾಯಿ ತೆರೆದು ಹಾಗೇ ನಿಂತರು. ಅವರ ಮೂಗಿನ ಹೊಳ್ಳೆಗಳು ಅರಳಿದವು. ಮುಖವೆಲ್ಲ ಬೆಳಗಿತು.

"ಅಮ್ಮಾ, ಊದ್! ಅಸಲಿ ಊದ್! ಈ ವಯಸ್ಸಲ್ಲೂ ಏನು ಶೋಕಿ ನಿಮ್ದು!"

"ಅಬ್ಬಾ, ಪಾನಕ ತಗೊಳ್ಳಿ," ಎಂದಳು ನಫೀಸಾ.

"ಇರಮ್ಮ. ಅಮ್ಮಾ, ಇದು ಅಸ್ಸಾಮಿನ ಮಾಲು, ನನ್ನ ಮೂಗಿಗೆ ಗೊತ್ತು. ನೀರಲ್ಲಿ ಮರ ಕೊಳೆಸಿ ಭಟ್ಟಿ ಇಳಿಸ್ತಾರೆ, ಅದಕ್ಕೇ ಮೊದ್ಲು ದನದ ವಾಸನೆ. ನನ್ನ ಹತ್ರಾನೂ ಇದೇ ಅತ್ತರ್ ಒಂದು ಸೀಸೆ ಇದೆ, ಚಿಕ್ಕವಳ ಮದುವೆಗೆ ಅಂತ ಇವಳ ಕೈಲಿ ಇಟ್ಟಿದೀನಿ. ನೀವೆಲ್ಲಿಂದ ತರಿಸಿದ್ರಿ?"

ಫ್ಯಾನಿನ ಗಾಳಿಗೆ ಮದುವೆಯ ಕಾರ್ಡು ಪಟಪಟ ಅಂದಿತು. ಅತ್ತೆ ನನ್ನ ಮುಖ ನೋಡಿದರು, ನಫೀಸಾಳ ಮುಖ ನೋಡಿದರು.

"ಅತ್ತರಾ?" ಎಂದರು. "ಔಷಧಿ ಅಲ್ವಾ?"

ಸಾಹೇಬರಿಗೆ ಏನೋ ಎಡವಟ್ಟಾಯಿತೆಂದು ಹೊಳೆಯಿತು. ಆದರೆ ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೆಲ್ಲಗೆ, "ಊದ್ ಅಂದ್ರೆ ಅಗರು ಅಮ್ಮ. ನಿಮ್ಮ ಊದಿನಕಡ್ಡಿ ಇದೆಯಲ್ಲ, ಅದರ ಊದು ಇದೇ," ಎಂದರು.

ನನಗೂ ಅದು ಆಗಲೇ ಗೊತ್ತಾದದ್ದು. ಊದಿನಕಡ್ಡಿಯನ್ನು ಬಾಯಿಂದ ಊದಿ ಆರಿಸಬಾರದು, ಎಂಜಲಾಗುತ್ತದೆ ಎಂದು ಅಮ್ಮನಿಂದ ಬೈಸಿಕೊಂಡವಳು ನಾನು. ಊದಬಾರದ ಕಡ್ಡಿಗೆ ಯಾಕೆ ಆ ಹೆಸರು ಎಂದು ಚಿಕ್ಕಂದಿನಲ್ಲಿ ಕೇಳಿ ಉತ್ತರ ಸಿಗದೆ ಬಿಟ್ಟಿದ್ದೆ. ದಿನಾ ದೇವರ ಮುಂದೆ ಹಚ್ಚುವ ಕಡ್ಡಿಯ ಹೆಸರಿನಲ್ಲೇ ನಫೀಸಾಳ ಮನೆಯ ಅತ್ತರು ಕೂತಿತ್ತು. ಆದರೆ ಆ ಗಳಿಗೆಯಲ್ಲಿ ಅದಕ್ಕೆ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅತ್ತೆ ತಿರುಗಿ ಕೋಣೆಗೆ ಹೋಗುತ್ತಿದ್ದರು. ಸಾಹೇಬರು ಅವರ ಬೆನ್ನಿಗೆ, "ನಿಮಗೆ ತೊಂದ್ರೆ ಬೇಡ ಅಮ್ಮ. ಶಾದಿಮಹಲ್ ಮೇಲಿನ ಮಾಳಿಗೇಲಿ, ಮೆಟ್ಟಿಲು ಜಾಸ್ತಿ. ಇಲ್ಲಿಂದಲೇ ಮಕ್ಕಳಿಗೆ ಒಳ್ಳೇದಾಗ್ಲಿ ಅನ್ನಿ," ಎಂದರು. ಬಾಗಿಲು ಮುಚ್ಚಿಕೊಂಡಿತು.

ಮರುದಿನ ನಫೀಸಾ ಬಟ್ಟಲು ಹಿಡಿದು ಬಂದಾಗ ಅತ್ತೆ ಮತ್ತೆ ಗೋಡೆಯ ಕಡೆ ಮುಖ ಮಾಡಿದ್ದರು.

"ತಗೊಂಡು ಹೋಗು," ಎಂದರು. "ಹೆಣ್ಣುಮಗಳ ಮದುವೆಗೆ ಇಟ್ಟಿದ್ದನ್ನ ಮುದುಕಿ ಮೊಣಕಾಲಿಗೆ ತಿಕ್ಕಿದೆಯಲ್ಲೇ. ನಾನು ಕುರುಡು ದನದ ಹಾಗೆ ತಿಕ್ಕಿಸ್ಕೊಂಡೆ."

"ಅಜ್ಜಿ, ದಂಡ ಆಗ್ಲಿಲ್ಲ. ನೀವು ನಡೆದ್ರಿ."

"ನಡೆದಿದ್ದು ಎಣ್ಣೆಯಿಂದ ಅಂದ್ಕೊಂಡಿದ್ದೆ. ಹೋಗಮ್ಮ."

ಆ ದಿನ ಅವರು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಊಟದ ತಟ್ಟೆ ಅರ್ಧಕ್ಕೇ ವಾಪಸ್ ಬಂತು. ಇವರು ಹಳೆಯ ಪ್ರಶ್ನೆ ಕೇಳಿದರು, ನಾನು ಹಳೆಯ ಹಾಗೇ ತಲೆಯಾಡಿಸಿದೆ. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು. ಡಾಕ್ಟರು ಹೇಳಿದ ಗಡುವು ಹತ್ತಿರವಾಗುತ್ತಿತ್ತು. ಮೇಲೆ ನಫೀಸಾಳ ಹೆಜ್ಜೆಯ ಸಪ್ಪಳ ಕೇಳಿದಾಗಲೆಲ್ಲ ನಾನು ಅಂದುಕೊಳ್ಳುತ್ತಿದ್ದೆ, ಅವಳು ಕೊಟ್ಟದ್ದೂ ಹೋಯಿತು, ಕೊಟ್ಟದ್ದರಿಂದ ಬಂದದ್ದೂ ಹೋಯಿತಲ್ಲ ಎಂದು.

ಅದರ ಮಾರನೆಯ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಹೊರಗೆ ಮಹಡಿಯ ಮೆಟ್ಟಿಲಿನ ಕಡೆಯಿಂದ ಟಕ್ ಎಂಬ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಹೋಗಿ ನೋಡಿದರೆ ಅತ್ತೆ, ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕಂಬಿ, ಮೆಟ್ಟಿಲುಗಳ ನಡುವೆ ನಿಂತಿದ್ದಾರೆ. ಹಣೆಯ ವಿಭೂತಿ ಬೆವರಿಗೆ ಇಳಿದಿದೆ. ಮಂಡಿಯಲ್ಲಿ ಎಣ್ಣೆಯಿಲ್ಲ, ಗಾಳಿಯಲ್ಲಿ ಯಾವ ವಾಸನೆಯೂ ಇಲ್ಲ, ನನ್ನ ಸೀಯುತ್ತಿರುವ ದೋಸೆಯದ್ದು ಬಿಟ್ಟು.

"ಅತ್ತೆ! ಬೀಳ್ತೀರಿ!"

"ಕೂಗಬೇಡ, ಎಣಿಕೆ ತಪ್ಪುತ್ತೆ." ಊದಿದ ಕಾಲನ್ನು ಎತ್ತಿ ಮೇಲಿಟ್ಟರು. ಅಯ್ಯಪ್ಪಾ ಎಂದು ಉಸಿರು ಬಿಟ್ಟರು. ಇನ್ನೊಂದು ಕಾಲನ್ನು ಪಕ್ಕಕ್ಕೆ ತಂದರು. ನಾನು ಹಿಂದೆ ಕೈ ಚಾಚಿಕೊಂಡು, ಮುಟ್ಟದೆ, ಒಂದೊಂದೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ನಫೀಸಾ ಗಾಬರಿಯಿಂದ ನಿಂತುಬಿಟ್ಟಳು. ಅತ್ತೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತು, ಉಸಿರನ್ನು ತಹಬಂದಿಗೆ ತಂದುಕೊಂಡರು.

"ನಿಮ್ಮಪ್ಪ ಮದುವೆ ಮನೇಲಿ ಮೆಟ್ಟಿಲು ಜಾಸ್ತಿ ಅಂದ್ರಲ್ಲ," ಎಂದರು. "ಇದಕ್ಕಿಂತ ಜಾಸ್ತಿನಾ?"

ನಫೀಸಾ ಹೂಂ ಎಂದು ತಲೆಯಾಡಿಸಿದಳು.

"ಹಾಗಾದ್ರೆ ನಾಳೆನೂ ಬರ್ತೀನಿ. ಎಣ್ಣೆ ಮುಟ್ಟಬೇಡ. ಇದ್ದಿದ್ದು ಹುಡುಗಿಗಿರ್ಲಿ. ನನ್ನ ಕಾಲು ಹಿಡಿದು ಬಗ್ಸು, ಅಷ್ಟು ಸಾಕು. ನಿನ್ನ ಕೈ ಚೆನ್ನಾಗಿದೆ."

ಮದುವೆಯ ದಿನ ಬೆಳಿಗ್ಗೆ ಬಿಸಿಲಿತ್ತು. ಅತ್ತೆ ಇಳಕಲ್ ಸೀರೆ ಉಟ್ಟು, ಶಬಾನಾಳಿಗೆ ಹಸಿರು ರವಿಕೆಯ ಖಣ ಮಡಿಚಿಟ್ಟುಕೊಂಡು, ಭದ್ರಾವತಿಯವರೆಗೂ ಕಾರಿನಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಶಾದಿಮಹಲಿನ ಮೆಟ್ಟಿಲುಗಳು ನಿಜಕ್ಕೂ ಜಾಸ್ತಿಯೇ ಇದ್ದವು. ಇವರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗೋಣ ಎಂದರು. ಅತ್ತೆ ಕೋಲನ್ನು ಇವರ ಕೈಗೇ ಕೊಟ್ಟು ಕಂಬಿ ಹಿಡಿದರು. ಕೆಳಗೆ ಬಿರಿಯಾನಿಯ ದೊಡ್ಡ ಪಾತ್ರೆಗಳ ಹತ್ತಿರ ನಿಂತಿದ್ದವರು, ಪಕ್ಕದ ಬೀದಿಯ ತಮಿಳು ಹೆಂಗಸರು, ಗಂಡಿನ ಕಡೆಯವರು, ಎಲ್ಲ ದಾರಿಬಿಟ್ಟು ನೋಡುತ್ತಿದ್ದರು. ನಡುವೆ ಒಮ್ಮೆ ನಿಂತಾಗ ಮೇಲಿನಿಂದ ಜಬ್ಬಾರ್ ಸಾಹೇಬರು ಇಳಿದು ಬಂದು ಕೈ ಚಾಚಿದರು. ಅತ್ತೆ ಹಿಡಿದುಕೊಳ್ಳಲಿಲ್ಲ. ಆದರೆ, "ಮುಂದೆ ನಡೀರಿ, ನೀವು ನಿಂತ್ರೆ ನನಗೆ ದಾರಿ ಕಾಣಲ್ಲ," ಎಂದು ನಕ್ಕರು.

ಮೇಲೆ ಹೆಂಗಸರ ಕಡೆ, ಬಾಗಿಲಲ್ಲೇ ನಫೀಸಾ ನಿಂತಿದ್ದಳು. ಹಸಿರು ಬಳೆ ತೊಟ್ಟ ಕೈಯಲ್ಲಿ ಆ ಸೀಸೆ. ತಳದಲ್ಲಿ ಉಳಿದಿದ್ದದ್ದನ್ನು ಗಾಜಿನ ಕಡ್ಡಿಯಲ್ಲಿ ಎತ್ತಿ, ಬಂದವರ ಮುಂಗೈಗೆ ಕೂದಲೆಳೆಯಷ್ಟೇ ಸವರುತ್ತಿದ್ದಳು. ಎಲ್ಲರಿಗೂ ಸಾಕಾಗುವ ಹಾಗೆ. ಕೆಲವರು ಮೂಗು ಮುರಿದರೆ, "ತಡೀರಿ, ಊಟದ ಹೊತ್ತಿಗೆ ನೋಡಿ," ಎನ್ನುತ್ತಿದ್ದಳು. ಅತ್ತೆ ಏದುಸಿರು ಬಿಡುತ್ತ ಅವಳ ಮುಂದೆ ಬಂದು ನಿಂತರು. ನಫೀಸಾ ಕಡ್ಡಿಯನ್ನು ಎತ್ತಿ ಹಿಡಿದಳು. ಅವಳ ಕಣ್ಣು ತುಂಬಿದ್ದವು, ಆದರೆ ಮುಖದ ಮೇಲೆ ನಗು ಬರಗೊಡದೆ ಗಂಭೀರವಾಗಿ ಕೇಳಿದಳು.

"ಕೈಗಾ ಅಜ್ಜಿ, ಕಾಲಿಗಾ?"

ಸುತ್ತ ನಿಂತಿದ್ದ ಹೆಂಗಸರಿಗೆ ಅರ್ಥವಾಗಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ಮುಂಗೈ ಚಾಚಿದರು.

"ಕೈಗೇ ಹಚ್ಚೇ ಮಾರಾಯ್ತಿ. ಕಾಲಿಗೆ ಪುರುಸೊತ್ತಿಲ್ಲ, ಇನ್ನೂ ಇಳೀಬೇಕು."